ತಲೆಗೆ ಪೆಟ್ಟು ಬಿದ್ದ ಮೇಲೆ ವಾಸನೆ, ರುಚಿ ಹೋದರೆ: ಮಲೆನಾಡಿನ ಮನೆಗೊಂದು ಸಮಗ್ರ ಮಾರ್ಗದರ್ಶಿ

ಆಷಾಢದ ಮಳೆಗೆ ನಮ್ಮ ಅಂಗಳ ಪಾಚಿ ಕಟ್ಟಿತ್ತು. ಕೊಟ್ಟಿಗೆಗೆ ಹೋಗಿಬರಲು ಅಡಿಕೆ ದಬ್ಬೆ ಹಾಸಿದ್ದೆವು. ದಬ್ಬೆ ಬಿಟ್ಟು ಒಂದೇ ಒಂದು ಹೆಜ್ಜೆ ಆಚೆ ಇಟ್ಟೆ, ಹಿಂದಕ್ಕೆ ಬಿದ್ದೆ. ತಲೆಯ ಹಿಂಭಾಗ ಕಲ್ಲಿಗೆ ಬಡಿಯಿತು. ಸ್ಕ್ಯಾನ್, ಆರು ಹೊಲಿಗೆ, ನಾಲ್ಕು ದಿನ ಆಸ್ಪತ್ರೆ. ಮನೆಗೆ ಬಂದ ದಿನ ಅತ್ತೆ ಕಾಫಿ ಕೊಟ್ಟರು. ಬಿಸಿ ಇತ್ತು, ಸಿಹಿ ಇತ್ತು, ಸ್ವಲ್ಪ ಕಹಿಯೂ ಇತ್ತು. ಕಾಫಿ ಮಾತ್ರ ಇರಲಿಲ್ಲ.

ಮಾತ್ರೆ ನುಂಗಿ ಬಾಯಿ ಕೆಟ್ಟಿದೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಯಾರೂ ವಾಸನೆ ಬಗ್ಗೆ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮೂರು ವಾರ ಕಳೆಯಿತು. ಒಂದು ದಿನ ಗಾಳಿಗೆ ಒಲೆಯ ಉರಿ ಆರಿ ಗ್ಯಾಸ್ ಸೋರುತ್ತಿತ್ತು. ನಾನು ಪಕ್ಕದಲ್ಲೇ ನಿಂತು ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದೆ. ಜಗಲಿಯಿಂದ ಅತ್ತೆ ಓಡಿ ಬಂದರು. “ಎಂಥ ಮಾರಾಯ್ತಿ, ಇಷ್ಟು ನಾತ ಬರ್ತಾ ಇದೆ, ಗೊತ್ತಾಗ್ಲಿಲ್ವಾ ನಿಂಗೆ?” ಗೊತ್ತಾಗಿರಲಿಲ್ಲ.

ಅದಾಗಿ ಮೂರು ಮಳೆಗಾಲ ಕಳೆದಿದೆ. ಮೂಗು ಎರಡು ಕೆಲಸ ಮಾಡುತ್ತದೆ. ಒಂದು ಕಾವಲು, ಇನ್ನೊಂದು ಊಟದ ಸುಖ. ವಾಸನೆ ವಾಪಸು ಬರಲಿ ಅಂತ ಕಾಯುತ್ತ ಕೂತರೆ ಎರಡೂ ಕೆಲಸ ಬಾಕಿ ಬೀಳುತ್ತವೆ. ಅದಕ್ಕೇ ಅವುಗಳನ್ನು ಮೊದಲ ವಾರದಲ್ಲೇ ಬೇರೆಯವರಿಗೆ ಹಂಚಿಬಿಡಿ: ಕಣ್ಣಿಗೆ, ಕಿವಿಗೆ, ನಾಲಿಗೆಗೆ, ಮನೆಯವರಿಗೆ, ಒಂದೆರಡು ಯಂತ್ರಕ್ಕೆ. ಬಂದರೆ ಮೂಗು ಬರಲಿ, ಕೆಲಸ ವಾಪಸು ಕೊಡೋಣ.

1. ಹೋದದ್ದು ವಾಸನೆಯೋ ರುಚಿಯೋ ನೋಡಿಕೊಳ್ಳಿ

“ರುಚಿಯೇ ಗೊತ್ತಾಗ್ತಿಲ್ಲ” ಅಂತ ನಾವೆಲ್ಲ ಹೇಳುತ್ತೇವೆ. ನಿಜವಾಗಿ ಹೋಗಿರುವುದು ಹೆಚ್ಚಿನ ಸಲ ವಾಸನೆ. ನಾಲಿಗೆಗೆ ತಿಳಿಯುವುದು ಐದೇ: ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಮಾಂಸದ ಸಾರು, ಅಣಬೆ, ಟೊಮೆಟೊದಲ್ಲಿರುವ ಉಮಾಮಿ. ಉಳಿದದ್ದೆಲ್ಲ ಮೂಗಿನದು. ಅಗಿಯುವಾಗ ಆಹಾರದ ಘಮ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಅದನ್ನೇ ನಾವು ರುಚಿ ಅನ್ನುವುದು.

ಪರೀಕ್ಷೆಗೆ ಹೆಚ್ಚೇನೂ ಬೇಡ. ಕಣ್ಣು ಮುಚ್ಚಿ ಕೂರಿ. ಮನೆಯವರು ನಾಲಿಗೆ ಮೇಲೆ ಒಂದೊಂದಾಗಿ ಸಕ್ಕರೆ ನೀರು, ಉಪ್ಪು ನೀರು, ನಿಂಬೆರಸ, ಹಾಲು ಹಾಕದ ಕಾಫಿ ಡಿಕಾಕ್ಷನ್ ಇಡಲಿ. ನಡುನಡುವೆ ಬಾಯಿ ಮುಕ್ಕಳಿಸಿ. ನಾಲ್ಕೂ ಗೊತ್ತಾದರೆ ನಾಲಿಗೆ ಸರಿ ಇದೆ. ಆಮೇಲೆ ವಾಸನೆಯ ಸರದಿ. ಕಾಫಿ ಪುಡಿ, ಲವಂಗ, ಏಲಕ್ಕಿ, ಸಾಬೂನು. ಒಂದು ಹೊಳ್ಳೆ ಮುಚ್ಚಿಕೊಂಡು ಇನ್ನೊಂದರಲ್ಲಿ ಮೂಸಿ, ಆಮೇಲೆ ಅದಲುಬದಲು.

ಇಲ್ಲೊಂದು ಮೋಸ ಇದೆ. ವಿಕ್ಸ್, ಅಮೃತಾಂಜನ, ಕರ್ಪೂರ, ಫಿನಾಯಿಲ್ ಹಿಡಿದು ಪರೀಕ್ಷೆ ಮಾಡಬೇಡಿ. ಅವುಗಳ ತಂಪು, ಉರಿ, ಚುಚ್ಚುವಿಕೆ ತಿಳಿಯುವುದು ಮುಖದ ಸ್ಪರ್ಶದ ನರದಿಂದ. ಅದಕ್ಕೆ ಟ್ರೈಜೆಮಿನಲ್ ನರ ಅನ್ನುತ್ತಾರೆ. ವಾಸನೆಯ ನರ ಸಂಪೂರ್ಣ ಸತ್ತಿದ್ದರೂ ವಿಕ್ಸ್ ಗೊತ್ತಾಗುತ್ತದೆ. “ವಿಕ್ಸ್ ಗೊತ್ತಾಯ್ತಲ್ಲ, ಹಾಗಾದ್ರೆ ಮೂಗಿಗೇನೂ ಆಗಿಲ್ಲ” ಅಂತ ನನಗೂ ಹೇಳಿದವರಿದ್ದಾರೆ. ಆದರೆ ಇದೇ ನರ ಮುಂದೆ ಊಟಕ್ಕೆ ಬಹಳ ಉಪಕಾರಿ, ನೆನಪಿಟ್ಟುಕೊಳ್ಳಿ.

ಮನೆಯವರಿಗೆ ನಿಮ್ಮ ಕಷ್ಟ ಅರ್ಥ ಮಾಡಿಸಲೂ ಒಂದು ಆಟ ಇದೆ. ಏಲಕ್ಕಿ ಪುಡಿ ಬೆರೆಸಿದ ಸಕ್ಕರೆ ಕೊಡಿ, ಮೂಗು ಬಿಗಿಯಾಗಿ ಹಿಡಿದುಕೊಂಡು ಬಾಯಿಗೆ ಹಾಕಿಕೊಳ್ಳಲಿ. ಬರೀ ಸಿಹಿ. ಮೂಗು ಬಿಟ್ಟ ತಕ್ಷಣ ಏಲಕ್ಕಿ ಗಮ್ಮನೆ ಬರುತ್ತದೆ. “ನನಗೆ ಆ ಮೂಗು ಬಿಡೋದು ಆಗೋದೇ ಇಲ್ಲ” ಅಂತ ಹೇಳಿ. ನಮ್ಮ ಮನೆಯಲ್ಲಿ ಇದಾದ ಮೇಲೆಯೇ “ಸುಮ್ನೆ ಊಟ ಮಾಡು” ಅನ್ನುವುದು ನಿಂತದ್ದು.

ಯಾಕೆ ಹೀಗಾಯಿತು? ಮೂಗಿನ ಮೇಲ್ತುದಿಯಲ್ಲಿ ಜರಡಿಯ ಹಾಗೆ ತೂತುಗಳಿರುವ ತೆಳುವಾದ ಮೂಳೆ ಇದೆ. ವಾಸನೆಯ ನರದ ಸಣ್ಣ ಎಳೆಗಳು ಆ ತೂತುಗಳ ಮೂಲಕ ಮಿದುಳಿಗೆ ಹೋಗುತ್ತವೆ. ಒತ್ತು ಶ್ಯಾವಿಗೆ ಒರಳಿನಿಂದ ಇಳಿಯುವ ಎಳೆಗಳನ್ನು ನೆನೆಸಿಕೊಳ್ಳಿ. ಒರಳನ್ನು ಸರಕ್ಕನೆ ಸರಿಸಿದರೆ ಎಳೆಗಳು ತೂತಿನ ಬುಡದಲ್ಲೇ ಕಡಿಯುತ್ತವೆ. ತಲೆ ಬಡಿದಾಗ ಮಿದುಳು ಜರುಗಿ ಆಗುವುದೂ ಹೀಗೇ. ಹಿಂದಕ್ಕೆ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾದವರಲ್ಲಿ ಇದು ಹೆಚ್ಚು. ಬೈಕಿನಿಂದ ಬಿದ್ದವರು, ಅಡಿಕೆ ಮರದಿಂದ ಜಾರಿದವರು, ನನ್ನ ಹಾಗೆ ಪಾಚಿಗೆ ಜಾರಿದವರು, ಎಲ್ಲರೂ ಒಂದೇ ಸಾಲು. ಕೆಲವರಲ್ಲಿ ಹಣೆಯ ಹಿಂದಿನ ಮಿದುಳಿನ ಭಾಗಕ್ಕೇ ಏಟಾಗಿರುತ್ತದೆ. ಇನ್ನು ಕೆಲವರಲ್ಲಿ ಮೂಗಿನ ಮೂಳೆ ಮುರಿದು ಅಥವಾ ಬಾವು ಬಂದು ದಾರಿ ಕಟ್ಟಿರುತ್ತದೆ, ಅದನ್ನು ಸರಿಪಡಿಸಬಹುದು. ನಾಲಿಗೆಯ ರುಚಿಗೆ ಮೂರು ಬೇರೆ ಬೇರೆ ನರಗಳಿವೆ. ಅಷ್ಟೂ ಒಟ್ಟಿಗೆ ಹೋಗುವುದು ಅಪರೂಪ.

2. ಇವು ಕಂಡರೆ ಮುಂದೆ ಓದಬೇಡಿ, ಆಸ್ಪತ್ರೆಗೆ ಹೋಗಿ

ಪೆಟ್ಟಾದ ಮೇಲೆ ಒಂದು ಹೊಳ್ಳೆಯಿಂದ ನೀರಿನಂಥ ತಿಳಿ ದ್ರವ ತೊಟ್ಟಿಕ್ಕುತ್ತಿದೆಯಾ? ಬಗ್ಗಿದಾಗ ಜಾಸ್ತಿಯಾಗುತ್ತಿದೆಯಾ? ಗಂಟಲಿಗೆ ಉಪ್ಪುಪ್ಪಾಗಿ ಇಳಿಯುತ್ತಿದೆಯಾ? ಅದು ನೆಗಡಿ ಆಗಿರಲಿಕ್ಕಿಲ್ಲ, ಮಿದುಳಿನ ಸುತ್ತಲ ನೀರು ಸೋರುತ್ತಿರಬಹುದು. ಮಿದುಳುಜ್ವರದ ಅಪಾಯ ಇರುತ್ತದೆ. ಮೂಗು ಜೋರಾಗಿ ಸೀನಬೇಡಿ, ಮೂಗಿಗೆ ಏನೂ ಹಾಕಬೇಡಿ, ಅವತ್ತೇ ಹೋಗಿ. ಹೆಚ್ಚುತ್ತಿರುವ ತಲೆನೋವು, ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದಂಥ ನಿದ್ದೆ, ಫಿಟ್ಸ್, ಕೈಕಾಲು ಸೋಲುವುದು, ಇವಕ್ಕೂ ಅದೇ ಮಾತು.

3. ವೈದ್ಯರಲ್ಲಿ ಏನು ಕೇಳಬೇಕು

ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗ ಇದೆ. ತೀರ್ಥಹಳ್ಳಿ, ಕೊಪ್ಪದ ಕಡೆಯವರು ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ಹಳೆಯ ರೂಢಿ. ಮಿದುಳಿನ ಏಟು ದೊಡ್ಡದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇದೆ. ಎಲ್ಲಿಗೆ ಹೋದರೂ “ಊಟ ಸೇರುತ್ತಿಲ್ಲ” ಅನ್ನಬೇಡಿ, ಟಾನಿಕ್ ಬರೆದು ಕಳಿಸುತ್ತಾರೆ. “ತಲೆಗೆ ಪೆಟ್ಟು ಬಿದ್ದ ದಿನದಿಂದ ವಾಸನೆ ಗೊತ್ತಾಗುತ್ತಿಲ್ಲ, ಸಿಹಿ-ಉಪ್ಪು-ಹುಳಿ-ಕಹಿ ಗೊತ್ತಾಗುತ್ತದೆ” ಅಂತ ಇಷ್ಟೇ ಹೇಳಿ.

ಮೂಗಿನೊಳಗೆ ಕ್ಯಾಮೆರಾ ಹಾಕಿ ದಾರಿ ಕಟ್ಟಿದೆಯಾ ನೋಡುತ್ತಾರೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಮೂಳೆ, ಎಂ.ಆರ್.ಐ.ಯಲ್ಲಿ ವಾಸನೆಯ ನರ ಮತ್ತು ಮಿದುಳಿನ ಭಾಗ ಕಾಣುತ್ತದೆ. ನೀವು ಕೇಳಬೇಕಾದದ್ದು: ದಾರಿ ಕಟ್ಟಿದೆಯೋ ನರಕ್ಕೆ ಏಟಾಗಿದೆಯೋ? ಸ್ವಲ್ಪವಾದರೂ ಉಳಿದಿದೆಯೋ ಪೂರ್ತಿ ಹೋಗಿದೆಯೋ? ನಾನು ತೆಗೆದುಕೊಳ್ಳುತ್ತಿರುವ ಯಾವುದಾದರೂ ಮಾತ್ರೆ ರುಚಿ ಕೆಡಿಸುತ್ತದೆಯೇ? ಮತ್ತೆ ಯಾವಾಗ ಪರೀಕ್ಷೆ?

ಆಸೆಯ ಲೆಕ್ಕ ಹೇಳಿಬಿಡುತ್ತೇನೆ. ವಾಸನೆಯ ನರಕೋಶಗಳಿಗೆ ಹೊಸದಾಗಿ ಹುಟ್ಟುವ ಶಕ್ತಿ ಇದೆ, ಮೈಯಲ್ಲಿ ಬೇರೆ ಹೆಚ್ಚಿನ ನರಗಳಿಗೆ ಅದಿಲ್ಲ. ಚೇತರಿಕೆ ಆಗುವುದಿದ್ದರೆ ಬಹುಪಾಲು ಮೊದಲ ಒಂದು ವರ್ಷದಲ್ಲಿ ಶುರುವಾಗುತ್ತದೆ. ಕೆಲವರಿಗೆ ತಡವಾಗಿಯೂ ಬಂದದ್ದಿದೆ. ಆದರೆ ನೆಗಡಿ-ಜ್ವರದಿಂದ ಹೋದವರಿಗಿಂತ ಪೆಟ್ಟಿನಿಂದ ಹೋದವರಲ್ಲಿ ವಾಪಸು ಬರುವುದು ಕಡಿಮೆ, ಪೂರ್ತಿ ಬರುವುದು ಇನ್ನೂ ಕಡಿಮೆ. ಖಚಿತವಾಗಿ ವಾಸನೆ ತರುತ್ತೇವೆ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಸ್ಟೀರಾಯ್ಡ್ ವೈದ್ಯರು ಕೊಟ್ಟರೆ ಮಾತ್ರ. ಸತುವಿನ ಮುಲಾಮು, ಸ್ಪ್ರೇ ಮೂಗಿಗೆ ಬೇಡವೇ ಬೇಡ. ಅಂಥದ್ದರಿಂದ ಇದ್ದ ವಾಸನೆಯೂ ಹೋದವರಿದ್ದಾರೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ.

ರಸ್ತೆ ಅಪಘಾತವಾಗಿದ್ದರೆ ವಾಸನೆ ಹೋಗಿರುವುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಪರಿಹಾರದ ಕೇಸಿಗೆ ಬೇಕಾಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಇವೆ, ವಾಸನೆ ಹೋಗುವುದು ಅದರಲ್ಲಿಲ್ಲ. ಬರೀ ಇದಕ್ಕೆ ಸರ್ಟಿಫಿಕೇಟು ಸಿಗುತ್ತದೆ ಅಂತ ಕಚೇರಿ ಅಲೆಯಬೇಡಿ.

4. ಕಾವಲಿನ ಕೆಲಸ ಹಂಚಿ

ಇದನ್ನು ಆಸ್ಪತ್ರೆಯಿಂದ ಬಂದ ವಾರವೇ ಮಾಡಿ.

ಗ್ಯಾಸ್ ಮೊದಲು. ಸಿಲಿಂಡರಿನ ಅನಿಲಕ್ಕೆ ಬರುವ ಆ ನಾತ ಅದರದ್ದಲ್ಲ. ಸೋರಿದರೆ ಜನಕ್ಕೆ ತಿಳಿಯಲಿ ಅಂತ ಈಥೈಲ್ ಮರ್‌ಕ್ಯಾಪ್ಟನ್ ಎನ್ನುವ ನಾತದ ವಸ್ತು ಸೇರಿಸುತ್ತಾರೆ. ಆ ಏರ್ಪಾಡು ನಮ್ಮ ಪಾಲಿಗೆ ಇಲ್ಲವಾಯಿತು. ಹಾಗಾಗಿ ಒಂದು ಗ್ಯಾಸ್ ಅಲಾರಾಂ ತನ್ನಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಹರಡುತ್ತದೆ. ಅಲಾರಾಂ ನೆಲದಿಂದ ಒಂದು ಅಡಿ ಎತ್ತರದಲ್ಲಿ ಇರಬೇಕು. ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಅದನ್ನು ಚೆಂದ ಕಾಣಲಿ ಅಂತ ಬಾಗಿಲ ಮೇಲೆ ಹೊಡೆದಿದ್ದ, ಮತ್ತೆ ಬಿಚ್ಚಿಸಿದೆ. ಕರೆಂಟು ಹೋದರೂ ನಡೆಯುವಂಥದ್ದು ಕೇಳಿ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿರುವುದು ನಮಗೇನು ಹೊಸದಾ?

ಮನೆಯಲ್ಲಿ ಗೋಬರ್ ಗ್ಯಾಸ್ ಇದ್ದರೆ ಅಂಗಡಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿ. ಅದರಲ್ಲಿ ಹೆಚ್ಚಿರುವುದು ಮೀಥೇನ್, ಅದು ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಎಲ್‌ಪಿಜಿಯ ಅಲಾರಾಂ ಅದಕ್ಕೂ ಆಗುತ್ತದೆ ಅಂತ ಊಹಿಸಿಕೊಳ್ಳಬೇಡಿ. ಕೊಳೆತ ಮೊಟ್ಟೆಯ ನಾತ ಬರುವ ಗುಂಡಿಯ ಹತ್ತಿರದ ಕೆಲಸ ಮನೆಯಲ್ಲಿ ಬೇರೆಯವರು ನೋಡಿಕೊಳ್ಳಲಿ. ಗುಂಡಿಗೆ ಇಳಿಯುವುದಂತೂ ಮೂಗು ಸರಿ ಇದ್ದವರಿಗೂ ಅಪಾಯ.

ದಿನದ ರೂಢಿ ಹೀಗಿರಲಿ. ಅಡುಗೆ ಮುಗಿದ ತಕ್ಷಣ ರೆಗ್ಯುಲೇಟರ್ ಬಂದ್. ವಾರಕ್ಕೊಮ್ಮೆ ಸಾಬೂನು ನೊರೆಯನ್ನು ಪೈಪಿನ ಎರಡೂ ಜೋಡಣೆಗೆ ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಅರ್ಥ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯುಷ್ಯ 5 ವರ್ಷ, ತಾರೀಖು ನೋಡಿ ಬದಲಿಸಿ. ಗಾಳಿ ಬೀಸುವ ಕಿಟಕಿಯ ಎದುರು ಒಲೆ ಇದ್ದರೆ ಜಾಗ ಬದಲಿಸಿ, ನನ್ನ ಕತೆ ಶುರುವಾದದ್ದೇ ಅಲ್ಲಿ.

ಅಲಾರಾಂ ಕೂಗಿದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು-ಕಿಟಕಿ ತೆಗೆಯಿರಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ, ಕಿಡಿ ಸಾಕು. ಫೋನು ಅಂಗಳಕ್ಕೆ ಬಂದ ಮೇಲೆ. ಗ್ಯಾಸ್ ಸೋರಿಕೆಗೆ ಸಹಾಯವಾಣಿ 1906.

ಹೊಗೆಯ ಅಲಾರಾಂ ಚಾವಣಿಗೆ ಹಾಕಬೇಕು. ಆದರೆ ಕಟ್ಟಿಗೆ ಒಲೆ ಇರುವ ಅಡುಗೆಮನೆಯಲ್ಲಿ ಹಾಕಿದರೆ ಅದು ಬೆಳಗಿನಿಂದ ರಾತ್ರಿವರೆಗೆ ಕೂಗುತ್ತದೆ, ನಾಲ್ಕೇ ದಿನಕ್ಕೆ ಯಾರಾದರೂ ಬ್ಯಾಟರಿ ಕಿತ್ತಿಡುತ್ತಾರೆ. ಮಲಗುವ ಕೋಣೆಯ ಹತ್ತಿರ ಹಾಕಿ.

ಬಚ್ಚಲ ಒಲೆ, ಗ್ಯಾಸ್ ಗೀಸರ್, ಚಳಿಗೆ ಕೋಣೆಯೊಳಗೆ ಇಟ್ಟುಕೊಳ್ಳುವ ಕೆಂಡ, ಇವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಇದರಲ್ಲಿ ನಾವೂ ಬೇರೆಯವರೂ ಸಮ. ಗಾಳಿ ಆಡುವ ಕಿಂಡಿ ಮುಚ್ಚಬೇಡಿ ಅಂತ ಎಲ್ಲರಿಗೂ ಹೇಳಿ.

ತೋಟದ ಕೊಟ್ಟಿಗೆಯನ್ನೂ ಒಮ್ಮೆ ನೋಡಿ. ನಮ್ಮಲ್ಲಿ ಕಳೆ ಹೊಡೆಯುವ ಯಂತ್ರದ ಪೆಟ್ರೋಲು ಕುಡಿಯುವ ನೀರಿನ ಬಾಟಲಿಯಲ್ಲೇ ಇರುತ್ತಿತ್ತು, ಪಕ್ಕದಲ್ಲೇ ಕೆಲಸದವರ ನೀರಿನ ಬಾಟಲಿ. ಮೊದಲಾದರೆ ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತಿತ್ತು. ಈಗ ಪೆಟ್ರೋಲಿಗೆ ಕೆಂಪು ಕ್ಯಾನು, ಔಷಧಿಗಳಿಗೆ ಅವುಗಳದ್ದೇ ಡಬ್ಬಿ, ಬೀಗ ಹಾಕುವ ಕಪಾಟು. ಔಷಧಿ ಹೊಡೆಯುವ ದಿನ ನಾನು ತೋಟಕ್ಕೆ ಇಳಿಯುವುದಿಲ್ಲ.

5. ಹಳಸಿದೆಯಾ? ಮೂಸಿ ನೋಡದೆ ತಿಳಿಯುವುದು

ಇಲ್ಲಿ ತಾರೀಖೇ ಮೂಗು. ಒಂದು ಕಾಗದದ ಟೇಪು, ಒಂದು ಪೆನ್ನು ಫ್ರಿಜ್ಜಿನ ಮೇಲೆ ಇರಲಿ. ಒಳಗೆ ಹೋಗುವ ಪ್ರತಿ ಡಬ್ಬಿಗೂ ದಿನ ಬರೆಯಿರಿ. ಮಾಡಿದ ಅಡುಗೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ, ಎರಡು ಮೂರು ದಿನದಲ್ಲಿ ಖಾಲಿ. ಬರೆಯದ ಡಬ್ಬಿ ದನಕ್ಕೋ ಗೊಬ್ಬರದ ಗುಂಡಿಗೋ. ನನಗೂ ಮೊದಲು ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ಹಳಸಿದ ಸಾಂಬಾರು ಉಂಡು ಎರಡು ದಿನ ನರಳಿದ ಮೇಲೆ ಉರಿ ಆರಿತು.

ಕರೆಂಟು ಹೋದ ಹೊತ್ತನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಹಾಲು, ಮಾಂಸ, ಬೇಯಿಸಿದ ಅನ್ನ-ಸಾರನ್ನು ನಂಬಬೇಡಿ.

ಹಾಲು ಕಾಯಿಸಿದಾಗ ಒಡೆದರೆ ಕಣ್ಣಿಗೇ ಕಾಣುತ್ತದೆ. ಮೊಟ್ಟೆಯನ್ನು ನೀರಿಗೆ ಹಾಕಿ: ಮುಳುಗಿ ಮಲಗಿದರೆ ಹೊಸದು, ತೇಲಿದರೆ ಹಳೆಯದು, ಬಿಟ್ಟುಬಿಡಿ. ಮೀನಿನವನು ಬಂದಾಗ ಕಣ್ಣು ತಿಳಿಯಾಗಿ ಉಬ್ಬಿದೆಯಾ, ಕಿವಿರು ಕೆಂಪಗಿದೆಯಾ, ಒತ್ತಿದರೆ ಮಾಂಸ ವಾಪಸು ಏಳುತ್ತದೆಯಾ ನೋಡಿ. ಅನ್ನ ನೂಲು ಬಿಟ್ಟರೆ ಬೆರಳಿಗೆ ಗೊತ್ತಾಗುತ್ತದೆ. ಕಷ್ಟ ಇರುವುದು ಕಮಟಿನಲ್ಲಿ. ಕೊಬ್ಬರಿ ಎಣ್ಣೆ, ಹುರಿದ ಶೇಂಗಾ, ಹೋದ ವರ್ಷದ ಹಲಸಿನ ಹಪ್ಪಳ ಕಮಟಾದದ್ದು ಕಣ್ಣಿಗೆ ಕಾಣುವುದಿಲ್ಲ. ಅವನ್ನು ಸ್ವಲ್ಪ ಸ್ವಲ್ಪ ಕೊಳ್ಳಿ, ಇನ್ನೊಬ್ಬರ ಮೂಗಿಗೆ ಹಿಡಿಯಿರಿ.

6. ಮೂಗಿಗೆ ದಿನಾ ಎರಡು ಹೊತ್ತು ಪಾಠ

ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪದ್ಧತಿಯ ಫಲಿತಾಂಶ ಪ್ರಕಟಿಸಿದರು. ನಾಲ್ಕು ವಾಸನೆ, ದಿನಕ್ಕೆ ಎರಡು ಸಲ, 12 ವಾರ. ಗುಲಾಬಿ, ನಿಂಬೆ, ನೀಲಗಿರಿ, ಲವಂಗ. ಅಭ್ಯಾಸ ಮಾಡಿದವರಲ್ಲಿ ಮಾಡದವರಿಗಿಂತ ಸುಧಾರಣೆ ಕಂಡಿತು. ಪೆಟ್ಟಿನಿಂದ ವಾಸನೆ ಹೋದವರೂ ಅದರಲ್ಲಿದ್ದರು. ಖರ್ಚು ಕಡಿಮೆ, ಅಪಾಯ ಇಲ್ಲವೆನ್ನುವಷ್ಟು. ಎಲ್ಲರಿಗೂ ಫಲ ಸಿಗುತ್ತದೆ ಅಂತಲ್ಲ.

ಸಾಮಾನು ನಮ್ಮ ಮನೆಯಲ್ಲೇ ಇದೆ. ಮುಚ್ಚಳ ಬಿಗಿಯಾಗಿರುವ ನಾಲ್ಕು ಸಣ್ಣ ಗಾಜಿನ ಬಾಟಲಿ ತೊಳೆದು ಒಣಗಿಸಿ. ಒಂದರಲ್ಲಿ ಜಜ್ಜಿದ ಲವಂಗ. ಒಂದರಲ್ಲಿ ಹತ್ತಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ. ಒಂದರಲ್ಲಿ ಗುಲಾಬಿಯ ಸುಗಂಧ ತೈಲ ಹಾಕಿದ ಹತ್ತಿ. ಇನ್ನೊಂದಕ್ಕೆ ನಿಂಬೆ ಅಥವಾ ಕಂಚಿಕಾಯಿಯ ಸಿಪ್ಪೆ, ಇದನ್ನು ಎರಡು ದಿನಕ್ಕೊಮ್ಮೆ ಬದಲಿಸಿ. ಮಳೆಗಾಲದಲ್ಲಿ ಎಲ್ಲಕ್ಕೂ ಬೂಸ್ಟು ಬರುತ್ತದೆ, ನೋಡುತ್ತಿರಿ. ಚೀಟಿ ಅಂಟಿಸಿ.

ಬೆಳಗ್ಗೆ ತಿಂಡಿಗೆ ಮುಂಚೆ, ರಾತ್ರಿ ಮಲಗುವ ಮುಂಚೆ ಕೂರಿ. ಬಾಟಲಿಯನ್ನು ಮೂಗಿನಿಂದ ಎರಡು ಬೆರಳು ದೂರ ಹಿಡಿದು ಮೊಲದ ಹಾಗೆ ಸಣ್ಣ ಸಣ್ಣದಾಗಿ ಮೂಸಿ, ಸುಮಾರು 20 ಸೆಕೆಂಡ್. ಒಂದೇ ಸಲ ಜೋರಾಗಿ ಎಳೆಯಬೇಡಿ. ಅರ್ಧ ನಿಮಿಷ ಬಿಟ್ಟು ಮುಂದಿನದು. ಒಟ್ಟು ಐದು ನಿಮಿಷದ ಕೆಲಸ. ಮೂಸುವಾಗ ಆ ವಾಸನೆ ಮೊದಲು ಹೇಗಿತ್ತು ಅಂತ ನೆನೆಸಿಕೊಳ್ಳಿ. ಲವಂಗ ಹಿಡಿದಾಗ ನಾನು ಅಮ್ಮ ಹಲ್ಲುನೋವಿಗೆ ಲವಂಗ ಕಚ್ಚಿಕೊಂಡು ಓಡಾಡುತ್ತಿದ್ದದ್ದನ್ನು ನೆನೆಯುತ್ತೇನೆ. ನೀಲಗಿರಿಯ ತಂಪು ಗೊತ್ತಾದರೆ ಕುಣಿಯಬೇಡಿ, ಅದು ಆಗಲೇ ಹೇಳಿದ ಸ್ಪರ್ಶದ ನರ.

ಎಣ್ಣೆಯನ್ನು ಮೂಗಿನೊಳಗೆ ಬಿಡಬಾರದು. ಅಸ್ತಮಾ ಇರುವವರು ವೈದ್ಯರನ್ನು ಕೇಳಿ ಶುರು ಮಾಡಿ. ಊದುಬತ್ತಿ ಹೊಗೆ ಇದಕ್ಕೆ ಬೇಡ.

ಮೂರು ತಿಂಗಳಾದ ಮೇಲೆ ನಾಲ್ಕನ್ನೂ ಬದಲಿಸಿ, ಬದಲಿಸುತ್ತಾ ಹೋದರೆ ಒಳ್ಳೆಯದು ಅಂತ ಆಮೇಲಿನ ಅಧ್ಯಯನಗಳು ಹೇಳಿವೆ. ನನ್ನ ಎರಡನೇ ಸೆಟ್ಟು ಏಲಕ್ಕಿ, ಕಾಫಿ ಪುಡಿ, ಕಿತ್ತಳೆ ಸಿಪ್ಪೆ, ಜಜ್ಜಿದ ದೊಡ್ಡಪತ್ರೆ. ವಾರಕ್ಕೊಮ್ಮೆ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆದಿಡಿ, ದಿನಾ ಬರೆದರೆ ನಿರಾಸೆಯಾಗುತ್ತದೆ. ನನ್ನ ಪುಸ್ತಕದಲ್ಲಿ ಎಂಟು ತಿಂಗಳು ಬರೀ ಸೊನ್ನೆ. ಆಮೇಲೆ ಲವಂಗಕ್ಕೆ ಒಂದು. ಈಗ ಲವಂಗ ನಾಲ್ಕು, ಕಿತ್ತಳೆ ಎರಡು. ಕಾಫಿ ಇನ್ನೂ ಸೊನ್ನೆ.

7. ತಟ್ಟೆಯನ್ನು ಹೊಸದಾಗಿ ಕಟ್ಟಿ

ಮೊದಲ ಆರು ತಿಂಗಳು ನಾನು ಮಾಡಿದ ತಪ್ಪು ಅಂದರೆ ಹಳೆಯ ಮೆಚ್ಚಿನ ಅಡುಗೆಗಳನ್ನೇ ಮತ್ತೆ ಮತ್ತೆ ಮಾಡಿ ಅಳುವುದು. ಘಮದ ಮೇಲೆ ನಿಂತ ಅಡುಗೆ ನಮಗೆ ಬಿದ್ದುಹೋಗುತ್ತದೆ. ತಿಳಿಸಾರು ಬಿಸಿ ಹುಳಿನೀರು. ಬಾಳೆಹಣ್ಣು ಸಿಹಿ ಮುದ್ದೆ. ತುಪ್ಪ ಬರೀ ಜಿಡ್ಡು. ಅವನ್ನು ಸದ್ಯಕ್ಕೆ ಬದಿಗಿಡಿ.

ಉಳಿದಿರುವ ಆಸ್ತಿ ಲೆಕ್ಕ ಹಾಕಿ. ನಾಲಿಗೆಯ ಐದು. ಟ್ರೈಜೆಮಿನಲ್ ನರ ಹಿಡಿಯುವ ಮೆಣಸಿನ ಉರಿ, ಶುಂಠಿಯ ಚುರುಕು, ಸಾಸಿವೆಯ ಘಾಟು, ಪುದೀನದ ತಂಪು. ಕಿವಿಗೆ ಕೇಳುವ ಕರುಮುರು. ಕೈಗೆ, ಹಲ್ಲಿಗೆ ಸಿಗುವ ಮೆದು-ಗಟ್ಟಿ. ಬಿಸಿ-ತಣ್ಣಗೆ. ಬಣ್ಣ. ಒಂದು ತಟ್ಟೆಯಲ್ಲಿ ಇವುಗಳಲ್ಲಿ ನಾಲ್ಕಾದರೂ ಇರಲಿ.

ಈ ವಿಷಯದಲ್ಲಿ ಮಲೆನಾಡಿನ ಅಡುಗೆ ನಮ್ಮ ಪಕ್ಷ. ಸೂಜಿಮೆಣಸು ನುರಿದ ಮಾವಿನಕಾಯಿ ನೀರುಗೊಜ್ಜು ನೋಡಿ: ಹುಳಿ, ಉಪ್ಪು, ಉರಿ, ತಣ್ಣಗೆ, ಎಲ್ಲ ಒಂದೇ ಬಟ್ಟಲಲ್ಲಿ. ಅದರ ಜೊತೆ ಬಿಸಿ ಅನ್ನ, ಸುಟ್ಟ ಹಪ್ಪಳ. ವಾಸನೆ ಹೋದ ಮೇಲೆ ನಾನು ಮೊದಲ ಸಲ ಎರಡನೇ ಸಲ ಬಡಿಸಿಕೊಂಡ ಊಟ ಇದು. ಒಂದೆಲಗದ ತಂಬುಳಿಗೆ ಕಾಳುಮೆಣಸು ಸ್ವಲ್ಪ ಮುಂದಾಗಿ ಹಾಕಿ, ಚೆನ್ನಾಗಿ ತಣ್ಣಗೆ ಮಾಡಿ. ಮೊಸರನ್ನಕ್ಕೆ ದಾಳಿಂಬೆ, ಹಸಿಶುಂಠಿ, ಹುರಿದ ಶೇಂಗಾ. ಅಕ್ಕಿ ರೊಟ್ಟಿಯನ್ನು ಅಂಚು ಗರಿಯಾಗುವವರೆಗೆ ಬೇಯಿಸಿ. ಪತ್ರೊಡೆಯನ್ನು ಬೇಯಿಸಿ ಬಿಡದೆ ಹೋಳು ಮಾಡಿ ಕಾವಲಿಯಲ್ಲಿ ಹುರಿಯಿರಿ. ಕೋಳಿ ಸಾರಿನಲ್ಲಿ ಮಸಾಲೆ ಗೊತ್ತಾಗದಿದ್ದರೂ ಉಮಾಮಿ, ಕಾಳುಮೆಣಸು ಉಳಿದಿರುತ್ತವೆ, ಕಡುಬು ಮುರಿದು ಅದ್ದಿದರೆ ಕೈಗೂ ಖುಷಿ. ಹುಳಿಗೆ ವಾಟೆಹುಳಿ, ನಿಂಬೆ, ಮುರುಗಲು ಬದಲಿಸುತ್ತಿರಿ. ಒಗರು ಬೇಕೆಂದರೆ ನೆಲ್ಲಿಕಾಯಿ.

ಎರಡು ಗುಂಡಿ ಇವೆ, ನಾನು ಎರಡರಲ್ಲೂ ಬಿದ್ದೆ. ಒಂದು ಉಪ್ಪು. ಏನೂ ಗೊತ್ತಾಗದಿದ್ದಾಗ ಕೈ ತಾನೇ ಉಪ್ಪಿನ ಭರಣಿಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟೂ ಇಲ್ಲ. ಉಪ್ಪಿನಕಾಯಿಯೂ ಅದರಲ್ಲೇ ಬಂತು. ರಕ್ತದೊತ್ತಡ ಇರುವವರು ಉಪ್ಪಿನ ಬದಲು ಹುಳಿ ಏರಿಸಿ. ಇನ್ನೊಂದು ತೂಕ. ನಾನು ಮೂರು ತಿಂಗಳಲ್ಲಿ ಆರು ಕಿಲೋ ಇಳಿದೆ. ಘಮ ಬರದಿದ್ದರೆ ಹಸಿವೆ ಏಳುವುದೇ ಇಲ್ಲ. ಗಡಿಯಾರ ನೋಡಿ ಊಟ ಮಾಡಿ, ತಿಂಗಳಿಗೊಮ್ಮೆ ತೂಕ ನೋಡಿ. ಕೆಲವರು ತಿಂದದ್ದು ತೃಪ್ತಿಯಾಗದೆ ಸಿಹಿ-ಕರಿದದ್ದು ತಿನ್ನುತ್ತಾ ದಪ್ಪಗಾಗುತ್ತಾರೆ, ಅದಕ್ಕೂ ತೂಕದ ಯಂತ್ರವೇ ಸಾಕ್ಷಿ.

8. ಬೇರೆಯವರಿಗೆ ಅಡುಗೆ ಮಾಡುವವರು ನೀವಾಗಿದ್ದರೆ

ಕೈಯಳತೆ ಬಿಡಿ, ಚಮಚ ಹಿಡಿಯಿರಿ. ನಾನು ಅತ್ತೆಯನ್ನು ಕೂರಿಸಿಕೊಂಡು ನಮ್ಮ ಮನೆಯ ಹುಳಿ, ಪಲ್ಯ, ಗೊಜ್ಜಿನ ಅಳತೆಯನ್ನು ಮೊದಲ ಸಲ ಬರೆದೆ. “ಇದಕ್ಕೆಲ್ಲ ಲೆಕ್ಕ ಎಂಥದು” ಅಂತ ಅವರು ಗೊಣಗಿದರು, ಆದರೆ ಪ್ರತಿ ಚಿಟಿಕೆಯನ್ನೂ ಅಳೆದು ಕೊಟ್ಟರು.

ಹುರಿಯುವುದು ನಿಜವಾದ ಪರೀಕ್ಷೆ. ಮೊದಲೆಲ್ಲ ಘಮ ಬಂದಾಗ ಇಳಿಸುತ್ತಿದ್ದೆ. ಈಗ ಮೆಂತೆ ಕೆಂಪಾಗುವುದನ್ನು ನೋಡುತ್ತೇನೆ, ಕೊತ್ತಂಬರಿ ಬೀಜವನ್ನು ಬೆರಳಲ್ಲಿ ಒತ್ತಿ ಪುಡಿಯಾಗುತ್ತದೆಯಾ ನೋಡುತ್ತೇನೆ. ಸಾಸಿವೆಯ ಚಟಪಟ ನಿಲ್ಲುವ ಹೊತ್ತಿಗೆ ಕರಿಬೇವು. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದ ಕೂಡಲೇ ಒಲೆ ಬಂದ್, ಉಳಿದದ್ದು ಬಾಣಲೆಯ ಕಾವೇ ಮಾಡುತ್ತದೆ. ಉರಿ ಯಾವಾಗಲೂ ಸಣ್ಣದು. ಒಲೆ ಮೇಲೆ ಏನಾದರೂ ಇದ್ದಾಗ ಅಡುಗೆಮನೆ ಬಿಟ್ಟು ಹೋಗುವುದಿಲ್ಲ, ಹೋಗಲೇಬೇಕಾದರೆ ಫೋನಿನ ಟೈಮರ್ ಸೆರಗಿಗೆ ಕಟ್ಟಿಕೊಂಡ ಹಾಗೆ ಜೊತೆಗೇ ಇರುತ್ತದೆ. ಹಾಲಿಗೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್.

9. ಇಲ್ಲದ ನಾತ ಬರತೊಡಗಿದರೆ

ಕೆಲವರಿಗೆ ತಿಂಗಳುಗಳ ನಂತರ ವಾಸನೆ ಬರುತ್ತದೆ, ಆದರೆ ತಪ್ಪು ವಾಸನೆ. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಹುರಿದ ಮಾಂಸ, ಮೊಟ್ಟೆ, ಎಲ್ಲವೂ ಸುಟ್ಟ ರಬ್ಬರೋ ಚರಂಡಿಯೋ ಆಗುತ್ತದೆ. ಇದಕ್ಕೆ ಪ್ಯಾರೋಸ್ಮಿಯಾ ಅನ್ನುತ್ತಾರೆ. ಏನೂ ಇಲ್ಲದೆ ನಾತ ಬಂದರೆ ಫ್ಯಾಂಟೋಸ್ಮಿಯಾ. ನನಗೆ ಒಂಬತ್ತನೇ ತಿಂಗಳಲ್ಲಿ ಒಗ್ಗರಣೆಯೆಲ್ಲ ಸುಟ್ಟ ಕೂದಲಾಯಿತು, ಐದು ತಿಂಗಳು ಇತ್ತು. ಪ್ಯಾರೋಸ್ಮಿಯಾ ಎಷ್ಟೋ ಸಲ ನರ ಮತ್ತೆ ಚಿಗುರುತ್ತಿರುವುದರ ಗುರುತು, ಹಾಗಂತ ಅನುಭವಿಸುವಾಗ ಸಮಾಧಾನವೇನೂ ಆಗುವುದಿಲ್ಲ.

ಆ ದಿನಗಳಲ್ಲಿ ತಣ್ಣಗಿನ ಊಟ ಮಾಡಿ, ಬಿಸಿ ಆರಿದಷ್ಟೂ ವಾಸನೆ ಕಡಿಮೆ ಏಳುತ್ತದೆ. ಗಂಜಿ, ಮೊಸರನ್ನ, ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ. ಮನೆಯವರು ಈರುಳ್ಳಿ ಹುರಿಯುವಾಗ ತೋಟಕ್ಕೆ ಹೋಗಿ. ಒಂದು ಎಚ್ಚರಿಕೆ: ನಾತ ಇದ್ದಕ್ಕಿದ್ದ ಹಾಗೆ ಬಂದು ಒಂದೆರಡು ನಿಮಿಷ ಇದ್ದು, ಅದರ ಜೊತೆ ಮಂಕು ಕವಿದರೆ, ತುಟಿ ಅಥವಾ ಕೈ ತಾನೇ ಆಡಿದರೆ ಅದು ಫಿಟ್ಸಿನ ಒಂದು ಬಗೆ ಇರಬಹುದು. ನರರೋಗ ತಜ್ಞರಿಗೆ ಹೇಳಿ.

10. ಮೈ, ಬಟ್ಟೆ, ಮನಸ್ಸು

ಬೆವರು ನಾರುತ್ತಿದೆಯಾ, ಮಳೆಗಾಲದ ಸೀರೆ ಮುಗ್ಗಲು ಹಿಡಿದಿದೆಯಾ, ಈ ಅನುಮಾನ ದಿನವಿಡೀ ಕೊರೆಯುತ್ತದೆ. ಮನೆಯಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ನನಗೆ ಮಗಳು. ಹೊರಗೆ ಹೊರಡುವ ಮುಂಚೆ ಒಂದು ಸಲ ಕೇಳುತ್ತೇನೆ, ಅವಳು ನಿಜ ಹೇಳುತ್ತಾಳೆ, ಮತ್ತೆ ನಾನು ಕೇಳುವುದಿಲ್ಲ. ಬಟ್ಟೆಗೆ ಲೆಕ್ಕ: ಒಂದು ಸಲ ಉಟ್ಟರೆ ಒಗೆತಕ್ಕೆ.

“ಕಣ್ಣು ಹೋಗಿಲ್ವಲ್ಲ, ಮೂಗು ತಾನೆ?” ಅನ್ನುವವರು ಸಿಗುತ್ತಾರೆ. ಅವರ ಜೊತೆ ವಾದ ಬೇಡ, ಏಲಕ್ಕಿ ಸಕ್ಕರೆ ಕೊಡಿ. ಆದರೆ ದುಃಖ ನಿಜ ಅನ್ನುವುದು ನಿಮಗೆ ಗೊತ್ತಿರಲಿ. ಮಗಳ ತಲೆಗೂದಲಿನ ವಾಸನೆ, ಅಪ್ಪನ ಹಳೆಯ ಕಂಬಳಿ, ಕೊಟ್ಟಿಗೆ, ಇವೆಲ್ಲ ಒಂದೇ ಸಲ ಗಾಜಿನ ಆಚೆ ಹೋದ ಹಾಗೆ ಆಗುತ್ತದೆ. ತಲೆಗೆ ಪೆಟ್ಟಾದವರಲ್ಲಿ ಖಿನ್ನತೆ ಮೊದಲೇ ಹೆಚ್ಚು, ಇದೂ ಸೇರಿಕೊಳ್ಳುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ. ದುಡ್ಡಿಲ್ಲ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮದುವೆ ಮನೆಯಲ್ಲಿ “ಊಟ ಹೇಗಿತ್ತು?” ಅಂತ ಕೇಳುತ್ತಾರೆ. ನಾನು “ಹಪ್ಪಳ ಬಹಳ ಚೆನ್ನಾಗಿತ್ತು” ಅನ್ನುತ್ತೇನೆ. ಸುಳ್ಳಲ್ಲ.

ಅಪ್ಪೆಮಿಡಿಯ ಕಾಲ ಬಂದಾಗ ಉಪ್ಪಿನಕಾಯಿ ಹಾಕುವ ಕೆಲಸ ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಮಿಡಿಯ ಬೆಲೆಯೇ ಅದರ ಘಮದಲ್ಲಿ. ತೊಟ್ಟು ಮುರಿದು ಸೊನೆ ಮೂಸಿ ಜೀರಿಗೆ ಮಿಡಿಯೋ ಬರೀ ಹುಳಿಮಿಡಿಯೋ ಹೇಳಬೇಕು. ಈಗ ರಿಪ್ಪನ್‌ಪೇಟೆಯಿಂದ ಮಿಡಿ ಬಂದ ದಿನ ಅತ್ತೆ ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂರುತ್ತಾರೆ. ತೊಟ್ಟು ಮುರಿಯುತ್ತಾರೆ, ಮೂಸುತ್ತಾರೆ, ಎರಡು ರಾಶಿ ಮಾಡುತ್ತಾರೆ. ತೊಳೆಯುವುದು, ಒರೆಸುವುದು, ಉಪ್ಪು ಅಳೆಯುವುದು, ಭರಣಿಗೆ ತಾರೀಖು ಬರೆಯುವುದು ನನ್ನ ಪಾಲು. ಹೋದ ವರ್ಷದ ಮಿಡಿ ಇನ್ನೂ ಮೆತ್ತಗಾಗಿಲ್ಲ, ಕಚ್ಚಿದರೆ ಪಕ್ಕದ ಕೋಣೆಗೆ ಕೇಳುತ್ತದೆ.